ಉಸುಕು, ಪಾಟಿ, ಕಾಗದ

ವಯಸ್ಸು ಹೆಚ್ಚಿದಂತೆ ಮನುಷ್ಯನಿಗೆ ತಿಳಿವಳಿಕೆಯೂ ಹೆಚ್ಚುತ್ತದೆ, ಆದ್ದರಿಂದ ಕಿರಿಯರು ಹಿರಿಯರ ಬಳಿ ಕುಳಿತು ಕಲಿಯತಕ್ಕದ್ದು ಎಂಬುದು ಎಲ್ಲ ಸಭ್ಯ ಜನಾಂಗಗಳೂ ಒಪ್ಪಿಕೊಂಡು ಬಂದಿರುವ ಮಾತು. ನಾನೂ ಒಪ್ಪಿಕೊಂಡವನೇ. ಆದರೆ ನನಗೆ ಏಳೋ ಎಂಟೋ ವರ್ಷವಿದ್ದಾಗ ಹುರಿಮೀಸೆಯ ಗಂಡಸೊಬ್ಬನ ಕಿವಿ ಹಿಂಡುವ ಅಧಿಕಾರ ನನಗೆ ವಿಧಿಪೂರ್ವಕವಾಗಿ ದೊರೆತಿತ್ತು. ಅಂದಿನಿಂದ ಈ ವಿಷಯದಲ್ಲಿ ನನ್ನ ಶ್ರದ್ಧೆ ಸ್ವಲ್ಪ ಸಡಿಲವಾಗಿದೆ.

ಈಗ ಇದೆಲ್ಲ ನೆನಪಾಗಲು ಕಾರಣ ನನ್ನ ಬಲಗೈಯ ತೋರುಬೆರಳು. ಅದಕ್ಕೊಂದು ಚಾಳಿಯಿದೆ. ಬರೆಯುವಾಗ ಯಾವುದಾದರೂ ಶಬ್ದದ ಬಗ್ಗೆ ಅನುಮಾನ ಬಂದರೆ ಸಾಕು, ಅದು ನನ್ನನ್ನು ಕೇಳದೆ ಹತ್ತಿರದಲ್ಲಿ ಧೂಳು ಎಲ್ಲಿದೆಯೆಂದು ಹುಡುಕಿ, ಅಲ್ಲಿ ಒಮ್ಮೆ ಬರೆದು ನೋಡಿ ಬರುತ್ತದೆ. ಕಿಟಕಿಯ ಪಟ್ಟಿ, ರೇಡಿಯೋದ ನೆತ್ತಿ, ಮೇಜಿನ ಮೂಲೆ, ಯಾವುದಾದರೂ ಸರಿ. ಮೊನ್ನೆ ನನ್ನ ಸೊಸೆ ಮೇಜಿನ ಮುಂದೆ ನಿಂತು, ಧೂಳಿನಲ್ಲಿ ಮೂಡಿದ್ದ ನನ್ನ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

"ಮಾವನೋರೆ, ಧೂಳ ಕೂತದಂತ ಬಾಯಿಲೆ ಹೇಳ್ರಿ. ಬರದು ಯಾಕ ತೋರಸ್ತೀರಿ?"

ನಾನು ವಿವರಿಸಲು ಹೋದೆ. ಆಕೆ ವಿವರಣೆಯ ಮೇಲೂ ಒಮ್ಮೆ ಬಟ್ಟೆ ಆಡಿಸಿದಳು. ಈಗ ನಮ್ಮ ಮನೆಯಲ್ಲಿ ಎಲ್ಲಿಯೂ ಧೂಳಿಲ್ಲ, ನನ್ನ ಬರವಣಿಗೆಯಲ್ಲಿ ತಪ್ಪುಗಳು ಹೆಚ್ಚಿವೆ. ಓದುಗರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯಬೇಕು.

ಈ ಬೆರಳಿಗೆ ಆ ಚಾಳಿ ಹತ್ತಿಸಿದ್ದು ಭಾಲ್ಕಿಯ ಅಯ್ಯನೋರ ಸಾಲೆ. ಆಗ ನಿಜಾಮರ ರಾಜ್ಯ. ಸರಕಾರಿ ಮದರಸಾದಲ್ಲಿ ಉರ್ದು ಕಲಿಸುತ್ತಿದ್ದರು. ಕನ್ನಡ ಬೇಕಾದವರು ತೊಗರಿ ವ್ಯಾಪಾರದ ಶೆಟ್ಟರ ಪಡಸಾಲೆಗೆ ಬರಬೇಕಾಗಿತ್ತು. ಪಡಸಾಲೆಯ ಒಂದು ಬದಿಗೆ ತೊಗರಿಯ ಚೀಲಗಳು, ಇನ್ನೊಂದು ಬದಿಗೆ ನಾವು. ಸುಗ್ಗಿಯಲ್ಲಿ ಚೀಲಗಳು ಮುಂದೊತ್ತಿ ಬಂದಷ್ಟೂ ವಿದ್ಯೆ ಗೋಡೆಗೆ ಒತ್ತಿಕೊಂಡು ಕೂರುತ್ತಿತ್ತು. ಇಂದಿಗೂ ಗೋಣಿಚೀಲದ ವಾಸನೆ ಬಂದರೆ ನನ್ನ ನಾಲಗೆ ತಾನಾಗಿಯೇ ಕಾಗುಣಿತ ಹೇಳಲು ಶುರುಮಾಡುತ್ತದೆ. ಸಂತೆಯಲ್ಲಿ ಇದರಿಂದ ಮುಜುಗರವಾದದ್ದುಂಟು.

ಗುರುಗಳ ಹೆಸರು ಗುರುಪಾದಯ್ಯ. ಊರಿಗೆಲ್ಲ ಅಯ್ಯನೋರು. ತೆಳ್ಳನೆಯ ಮೈ, ವಿಭೂತಿಯ ಹಣೆ, ಎಡಗೈಯಲ್ಲಿ ಒಂದು ಬೆತ್ತ. ಬಲಗೈಯಲ್ಲಿ ಬೆತ್ತ ಹಿಡಿದರೆ ಪೆಟ್ಟು ಜೋರಾಗಿ ಬೀಳುತ್ತದೆಂದು ಎಡಗೈ ಆರಿಸಿಕೊಂಡಿದ್ದರಂತೆ. ಇದು ಅವರ ಕರುಣೆಯ ಬಗ್ಗೆ ಊರಲ್ಲಿದ್ದ ಪ್ರತೀತಿ. ನನ್ನ ಅಂಗೈ ಈ ಪ್ರತೀತಿಯನ್ನು ಒಪ್ಪುವುದಿಲ್ಲ.

ಆ ಸಾಲೆಯಲ್ಲಿ ತರಗತಿಗಳಿರಲಿಲ್ಲ, ಮೂರು ಚಾಪೆಗಳಿದ್ದವು. ಬಾಗಿಲ ಹತ್ತಿರದ್ದು ಉಸುಕಿನ ಚಾಪೆ. ಅದರ ಮುಂದೆ ಮರದ ಚೌಕಟ್ಟು ಹಾಕಿ ಮಾಂಜ್ರಾ ಹೊಳೆಯ ಉಸುಕು ಹರಡಿರುತ್ತಿತ್ತು, ಬೆರಳಿನಿಂದ ತಿದ್ದಬೇಕು. ನಡುವಿನದು ಪಾಟಿಯ ಚಾಪೆ, ಅಲ್ಲಿ ಸ್ಲೇಟು, ಬಳಪ. ಒಳಬಾಗಿಲ ಹತ್ತಿರದ್ದು ಕಾಗದದ ಚಾಪೆ, ಅಲ್ಲಿ ಬೋರೆಂಬ ಜೊಂಡಿನ ಲೇಖಣಿ, ಮಸಿಕುಡಿಕೆ, ಮತ್ತು ಸಹಿಸಲಾಗದ ಜಂಬ. ಯಾರು ಯಾವ ಚಾಪೆಯೆಂಬುದನ್ನು ತಿಳಿವಳಿಕೆ ನಿರ್ಧರಿಸುತ್ತಿತ್ತು. ಮೀಸೆ, ಗಡ್ಡ, ಮದುವೆ, ಮಕ್ಕಳು ಇವು ಲೆಕ್ಕಕ್ಕಿರಲಿಲ್ಲ.

"ವಯಸ್ಸ ದೇವರು ಕೊಡ್ತಾನ, ಚಾಪಿ ನಾ ಕೊಡ್ತೇನಿ" ಎನ್ನುತ್ತಿದ್ದರು ಅಯ್ಯನೋರು. ಇಬ್ಬರಲ್ಲಿ ಯಾರು ಹೆಚ್ಚು ನ್ಯಾಯವಂತರೆಂದು ಅವರಿಗೆ ಅನುಮಾನವಿದ್ದಂತೆ ಕಾಣಲಿಲ್ಲ.

ಉಸುಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಳೆಯಿಂದ ಬಂಡಿಯಲ್ಲಿ ತಂದು, ತೊಳೆದು, ಒಣಗಿಸಿ, ಜರಡಿ ಹಿಡಿದು ಹರಡಿದ ಆ ಉಸುಕಿನ ಮೇಲೆ ನಮಗಿಂತ ಮೊದಲು ಹಕ್ಕು ಸಾಧಿಸಿದ್ದು ಶೆಟ್ಟರ ಬೆಕ್ಕು. ಅದರ ಅಭಿಪ್ರಾಯದಲ್ಲಿ ಆ ಚೌಕಟ್ಟನ್ನು ಕಟ್ಟಿಸಿದ್ದು ಬೇರೆಯೇ ಉದ್ದೇಶಕ್ಕೆ. ಆದ್ದರಿಂದ ಬೆಳಿಗ್ಗೆ ವಿದ್ಯಾರಂಭಕ್ಕೆ ಮೊದಲು ಒಬ್ಬ ಹುಡುಗ ಕಡ್ಡಿಯಿಂದ ಉಸುಕನ್ನು ಕೆದಕಿ ಪರೀಕ್ಷಿಸುವ ಪದ್ಧತಿಯಿತ್ತು. ಈ ಪರೀಕ್ಷೆಯಲ್ಲಿ ನಾವೆಲ್ಲ ಬಹಳ ಚುರುಕಾಗಿದ್ದೆವು.

ಸಾಲೆಯ ನಿಜವಾದ ವಿಶೇಷ ಕೈಗುರು. ಮೇಲಿನ ಚಾಪೆಯ ಒಬ್ಬೊಬ್ಬನಿಗೂ ಕೆಳಚಾಪೆಯ ಒಬ್ಬ ಶಿಷ್ಯ. ಶಿಷ್ಯನ ಬೆರಳು ಹಿಡಿದು ಅಕ್ಷರ ತಿದ್ದಿಸುವುದು ಕೈಗುರುವಿನ ಕೆಲಸ. ಮುಂಜಾನೆ ಶಿಷ್ಯ ಕೈಗುರುವಿನ ಕಾಲು ಮುಟ್ಟಬೇಕು, ತಪ್ಪಿದಾಗ ತಾನಾಗಿ ಕಿವಿ ಮುಂದೆ ಮಾಡಬೇಕು. ಇಲ್ಲಿಯವರೆಗೆ ಎಲ್ಲ ಸುಖವೇ. ಆದರೆ ಶಿಷ್ಯ ಅಯ್ಯನೋರ ಮುಂದೆ ತಪ್ಪಿದರೆ ಬೆತ್ತದ ಪೆಟ್ಟು ಬೀಳುತ್ತಿದ್ದುದು ಕೈಗುರುವಿಗೆ. ಹೀಗಾಗಿ ನಮ್ಮ ಸಾಲೆಯಲ್ಲಿ ಶಿಷ್ಯನ ಏಳಿಗೆಗಾಗಿ ಗುರುಗಳು ಹಂಬಲಿಸುತ್ತಿದ್ದ ಹಾಗೆ ಪುರಾಣಕಾಲದ ಆಶ್ರಮಗಳಲ್ಲಿಯೂ ಹಂಬಲಿಸಿರಲಾರರು.

ನಾನು ಕಾಗದದ ಚಾಪೆಯಲ್ಲಿದ್ದೆ. ನನ್ನ ಅಣ್ಣ ಪಾಟಿಯ ಚಾಪೆಯಲ್ಲಿದ್ದ. ಇದನ್ನು ಮನೆಯಲ್ಲಿಯೂ ಜಾರಿಗೆ ತರಬೇಕೆಂದು ನಾನೊಮ್ಮೆ ಊಟಕ್ಕೆ ಅಣ್ಣನಿಗಿಂತ ಮೇಲಿನ ಮಣೆ ಹಿಡಿದು ಕುಳಿತೆ. ಅವ್ವ ರೊಟ್ಟಿ ಬಡಿಯುತ್ತಿದ್ದ ಕೈಯನ್ನು ನಿಲ್ಲಿಸದೆ ಹೇಳಿದಳು:

"ಏಳು ತಳಗ. ಸಾಲಿದು ಸಾಲಿಯಾಗ ಇಟ್ಟು ಬಾ. ಇಲ್ಲಿ ರೊಟ್ಟಿ ವಯಸ್ಸಿನ ಮ್ಯಾಗ."

ಹಿಟ್ಟಿನ ಕೈಯಿಂದ ಹೊರಟ ಆಜ್ಞೆಗೆ ಮೇಲ್ಮನವಿಯಿಲ್ಲ.

ನನಗೆ ಸಿಕ್ಕ ಶಿಷ್ಯ ಔರಾದದ ಸಂಗಪ್ಪ. ಎತ್ತಿನಂಥ ಆಳು, ಹುರಿಮೀಸೆ, ಮದುವೆಯಾಗಿ ಒಂದು ಮಗುವಿನ ತಂದೆ. ಹೊಲಮನೆ ಇದ್ದ ಕುಳ. ಸುಗ್ಗಿಯ ಕೆಲಸವನ್ನು ತಮ್ಮಂದಿರಿಗೆ ಬಿಟ್ಟು, ಭಾಲ್ಕಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದು, ಮೂಗು ಸೋರುವ ಮಕ್ಕಳ ನಡುವೆ ಉಸುಕಿನ ಚಾಪೆಯಲ್ಲಿ ಬಂದು ಕುಳಿತಿದ್ದ. ಕಾರಣ ಇಷ್ಟೇ. ಔರಾದದಲ್ಲಿ ಶ್ರಾವಣ ಪೂರ್ತಿ ಸಂಜೆಗೆ ಕಟ್ಟೆಯ ಮೇಲೆ ಪುರಾಣ ಓದುತ್ತಿದ್ದವನು ಅವನ ದೊಡ್ಡಪ್ಪ. ಆತನ ಕಣ್ಣಿಗೆ ಪೊರೆ ಬಂತು. ಊರವರು ಬೀದರದಿಂದ ಬೇರೆ ಓದುವವನನ್ನು ಕರೆಸುತ್ತೇವೆ ಎಂದರು. ಸಂಗಪ್ಪ ಎದ್ದು ನಿಂತು, "ನಾ ಓದ್ತೇನಿ" ಎಂದುಬಿಟ್ಟ. ಕಟ್ಟೆಗೆ ಕಟ್ಟೆಯೇ ನಕ್ಕಿತು. ಅವನಿಗೆ ಒಂದಕ್ಷರವೂ ಬರುತ್ತಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಬರುವ ಶ್ರಾವಣದವರೆಗೆ ಅವನಿಗೆ ಗಡುವು ಕೊಟ್ಟರು.

ಅವನ ಕಷ್ಟ ದಡ್ಡತನದ್ದಲ್ಲ. ದೊಡ್ಡಪ್ಪನ ಪಕ್ಕದಲ್ಲಿ ಕುಳಿತು ಕೇಳಿ ಕೇಳಿ ಅವನ ಕಿವಿ ಎಷ್ಟು ಪಳಗಿತ್ತೆಂದರೆ, ಏನನ್ನಾದರೂ ಒಮ್ಮೆ ಹೇಳಿಕೊಟ್ಟರೆ ರಾಗ ಹಾಕಿ ಹಾಗೆಯೇ ಒಪ್ಪಿಸುತ್ತಿದ್ದ. ಆದ್ದರಿಂದ ಕಣ್ಣಿಗೆ ಕೆಲಸವೇ ಇರಲಿಲ್ಲ. ಉಸುಕಿನಲ್ಲಿ ಬೆರಳು ಒಂದು ಕಡೆ, ಬಾಯಿ ಮುಂದಿನ ಅಕ್ಷರದ ಮೇಲೆ, ದೃಷ್ಟಿ ಶೆಟ್ಟರ ಬೆಕ್ಕಿನ ಮೇಲೆ. ಪರಿಣಾಮ ನನ್ನ ಅಂಗೈಯ ಮೇಲೆ.

"ಸಂಗಪ್ಪಾ, ಕೆಳಗ ನೋಡೋ!" ಎಂದು ನಾನು ಕಿವಿ ಹಿಂಡುವೆನು.

"ನೋಡ್ತೇನ್ರಿ ಗುರುಗಳೇ. ನಿಮ್ಮ ಕೈ ಸಣ್ಣವು, ಹತ್ತಲ್ಲ. ಇನ್ನಾ ಜರಾ ಜೋರ ಹಿಂಡ್ರಿ" ಎಂದು ಅವನು ಇನ್ನಷ್ಟು ಬಾಗುವನು. ಅದರಲ್ಲಿ ಹಾಸ್ಯವಿರಲಿಲ್ಲ. ಆ ದೊಡ್ಡ ಮನುಷ್ಯ ಚಿಕ್ಕವನಾಗಿ ಬಾಗಿದಷ್ಟು ಸಹಜವಾಗಿ ನಾನು ಮುಂದೆ ಯಾರ ಮುಂದೆಯೂ ಬಾಗಲು ಕಲಿಯಲಿಲ್ಲ.

ಹೀಗಿರುವಾಗ ಶೆಟ್ಟರು ಒಂದು ದಿನ ಬೀದರದಿಂದ ಕೆಂಪು ಧೂಳು ಹೊತ್ತು ಬಂದರು. ಧೂಳಿನ ಜೊತೆಗೆ ಸುದ್ದಿ.

"ಅಯ್ಯನೋರೆ, ಖಾಸಗಿ ಸಾಲಿಗೂ ಈಗ ಸರಕಾರದ ಇಜಾಜತ್ ಬೇಕಂತ, ಪರವಾನಿಗಿ. ಸಾಲಿ ತಪಾಸ ಮಾಡೋ ತಾಲೀಮಿನ ಸಾಹೇಬ್ರು ಖುದ್ದ ಬರ್ಲತ್ತಾರ. ಹುಡುಗ್ರಿಗ ವಯಸ್ಸಿನ ಪ್ರಕಾರ ಜಮಾತ್, ಅಂದ್ರ ತರಗತಿ, ಮಾಡಿರಬೇಕು. ಇಲ್ಲಂದ್ರ ಬಾಗಿಲಿಗಿ ಬೀಗ!"

ಅಯ್ಯನೋರು ಬಹಳ ಹೊತ್ತು ಚಾಪೆಗಳನ್ನೇ ನೋಡಿದರು. ಸಂಗಪ್ಪ ಅಯ್ಯನೋರನ್ನು ನೋಡಿದ. "ಬೀಗ ಹಾಕಿದ್ರ ಶ್ರಾವಣ ಹ್ಯಾಂಗ್ರಿ?" ಎಂದ.

ವಯಸ್ಸಿನ ಪ್ರಕಾರವೆಂದರೆ ವಯಸ್ಸು ಗೊತ್ತಿರಬೇಕಷ್ಟೆ. ಅಯ್ಯನೋರು ಮನೆಮನೆಗೆ ಹೋಗಿ ತಾಯಂದಿರನ್ನು ಕೇಳಿದರು. ಚೀಲ ಹಿಡಿದು ಹಿಂದೆ ಹೋಗಿದ್ದ ನಾನು ಈ ತನಿಖೆಗೆ ಸಾಕ್ಷಿ.

"ಪ್ಲೇಗಿನ ವರ್ಷ ಹುಟ್ಯಾನ್ರಿ, ನಾವು ಊರ ಬಿಟ್ಟು ಹೊಲದಾಗ ಇದ್ದಾಗ."

"ಊರ ಎರಡ ಸಲ ಬಿಟ್ಟೀವಲ್ಲ ಯವ್ವಾ, ಯಾ ಸಲ?"

"ಎರಡೂ ಸಲ ನನ್ನ ಹೊಟ್ಟಿಯಾಗೇ ಇದ್ದ ನೋಡ್ರಿ, ಭಾಳ ಕಾಡ್ಯಾನ."

ನನ್ನ ಅವ್ವ ಇನ್ನೂ ನಿಖರ. ಕರಿ ಎಮ್ಮೆ ಈದ ವಾರದಲ್ಲಿ ನಾನು ಹುಟ್ಟಿದ್ದು. ಕರಿ ಎಮ್ಮೆ ಬಹಳ ಸಲ ಈದಿತ್ತು. ಯಾವ ಸಲವೆಂದು ಹೇಳಬಲ್ಲ ಇನ್ನೊಂದೇ ಜೀವ ಆ ಎಮ್ಮೆ, ಅದು ತೀರಿಕೊಂಡಿತ್ತು.

ಕೊನೆಗೆ ದಾರಿ ತೋರಿಸಿದವರು ಶೆಟ್ಟರು. ವ್ಯಾಪಾರಸ್ಥರಿಗೆ ಅಳೆಯಲು ಬಾರದ ವಸ್ತು ಜಗತ್ತಿನಲ್ಲಿಲ್ಲ. "ಎತ್ತರ ನೋಡಿ ಮಾಡ್ರಿ. ಉದ್ದ ಇದ್ದವ ದೊಡ್ಡವ" ಎಂದರು. ಒಂದರ ಮೇಲೊಂದು ಅಡ್ಡಹಾಕಿದ ತೊಗರಿ ಚೀಲಗಳ ಅಟ್ಟಿಗೆ ನಮ್ಮನ್ನು ಒರಗಿಸಿ ನಿಲ್ಲಿಸಿದರು. ಎಷ್ಟು ಚೀಲದೆತ್ತರವೋ ಅಷ್ಟು ದೊಡ್ಡ ಜಮಾತ್. ನಾನು ಬೆಳೆದದ್ದೇ ತಡವಾಗಿ, ಅದೂ ಅಷ್ಟಕ್ಕಷ್ಟೆ. ಕಾಗದದ ಚಾಪೆಯ ವಿದ್ವಾಂಸನಾದ ನಾನು ಒಂದನೆಯ ಜಮಾತಿಗೆ, ಬೆರಳು ಚೀಪುವವರ ನಡುವೆ ಬಂದು ಬಿದ್ದೆ. ಅಣ್ಣ ಮೂರನೆಯದರಲ್ಲಿ ಕುಳಿತು ನನ್ನನ್ನು ನೋಡಿ ನಕ್ಕ. ನಾಲ್ಕನೆಯ ಜಮಾತಿನ ತುದಿಯಲ್ಲಿ, ಅಟ್ಟಿಗಿಂತಲೂ ಮೇಲೆ ತಲೆಯಿದ್ದ ಸಂಗಪ್ಪ, ನೇಣಿಗೆ ಹೊರಟವನ ಮುಖ ಹೊತ್ತು ಕುಳಿತ.

"ಸಾಹೇಬ್ರಿಗ ಕನ್ನಡ ಓದ್ಲಾಕ ಬರಲ್ಲ, ಹೆದರಬ್ಯಾಡ್ರಿ" ಎಂದರು ಶೆಟ್ಟರು. "ಒಂದೇ ಮಾತು. ಯಾರೂ ಕೂತ ಜಾಗ ಬಿಟ್ಟು ಏಳಬ್ಯಾಡ್ರಿ" ಎಂದರು ಅಯ್ಯನೋರು. ಅವರ ಧ್ವನಿ ಎಂದಿನಂತಿರಲಿಲ್ಲ. ಸುಳ್ಳಿಗೆ ಅವರು ಉಸುಕಿನ ಚಾಪೆಯವರು.

ಸಾಹೇಬರು ಟಾಂಗಾದಿಂದ ಇಳಿದರು. ಕಪ್ಪು ಶೇರ್ವಾನಿ, ರೂಮಿ ಟೋಪಿ, ಬೆರಳಲ್ಲಿ ಕೆಂಪು ಕಲ್ಲಿನ ಅಕೀಕಿನ ಉಂಗುರ. ಸೌಮ್ಯವಾದ, ಆದರೆ ಬಹಳ ನಿಧಾನವಾಗಿ ನೋಡುವ ಕಣ್ಣು. ನಿಧಾನವಾಗಿ ನೋಡುವವರು ಅಪಾಯಕಾರಿ. ಒಂದನೆಯ ಜಮಾತಿಗೆ "ಕ್ಯಾ ಬರ್ತದ?" ಎಂದು ಕೇಳಿದರು. ಬೆರಳು ಚೀಪುವವರು ಬೆರಳು ತೆಗೆದು ಅ ಆ ಹೇಳಿದರು. ಎರಡು, ಮೂರು ಹೇಗೋ ದಾಟಿದವು. ನಾಲ್ಕನೆಯ ಜಮಾತಿನ ಮುಂದೆ ಅವರು ನಿಂತರು. ಕಣ್ಣು ಸಂಗಪ್ಪನ ಮೀಸೆಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟಿತು.

"ಇವನ ಉಮರ್?"

ಅಯ್ಯನೋರು ಬಾಯಿ ತೆರೆದರು, ಮುಚ್ಚಿದರು. ಶೆಟ್ಟರು ಮುಂದೆ ಬಂದರು. "ಹನ್ನೆರಡು ಹುಜೂರ್."

"ಮತ್ತ ಈ ಮೂಛ್?"

"ಅವರ ಮನಿತನದಾಗ ಜಲ್ದಿ ಬರ್ತಾವ್ರಿ."

ಸಾಹೇಬರು ಒಂದು ಪಾಟಿ ಎತ್ತಿ ಸಂಗಪ್ಪನ ಕೈಗಿತ್ತರು. "ನಿನ್ನ ಹೆಸರ ಬರಿ."

ಸಂಗಪ್ಪ ಹುಟ್ಟಿದಂದಿನಿಂದ ಬಳಪ ಹಿಡಿದವನಲ್ಲ. ಎರಡಕ್ಷರ ಹೇಗೋ ಕೊರೆದ, ಮೂರನೆಯದಕ್ಕೆ ಬಳಪ ಮುರಿಯಿತು. ಪಾಟಿಯನ್ನು ಮೆಲ್ಲನೆ ನೆಲದ ಮೇಲಿಟ್ಟ. ಬೆವರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಆಮೇಲೆ ಅವನು ಮಾಡಿದ್ದು ನಮ್ಮ ಸಾಲೆಯವರು ಮಾತ್ರ ಮಾಡಬಲ್ಲ ಕೆಲಸ. ಬಲಗೈಯ ತೋರುಬೆರಳನ್ನು ಚಾಚಿ, ಪಡಸಾಲೆಯ ಆ ಕೊನೆಯಲ್ಲಿದ್ದ ನನ್ನ ಕಡೆ ನೋಡಿದ.

ನನ್ನ ಅಂಗೈ ಚುರ್ರೆಂದಿತು. ಶಿಷ್ಯ ಗುರುಗಳ ಮುಂದೆ ತಪ್ಪುತ್ತಿದ್ದಾನೆ! ಜಮಾತ್, ಇಜಾಜತ್, ಬೀಗ ಯಾವುದೂ ನೆನಪಿಗೆ ಬರಲಿಲ್ಲ. ಎದ್ದು ಮಕ್ಕಳ ತಲೆಗಳ ಮೇಲಿಂದ ಹಾರಿ ಓಡಿದೆ. ಸಂಗಪ್ಪ ರೂಢಿಯಂತೆ ಬಾಗಿ ಕಿವಿ ಮುಂದೆ ಮಾಡಿದ. ನಾನು ರೂಢಿಯಂತೆ ಹಿಂಡಿದೆ. "ಕೆಳಗ ನೋಡೋ!" ಎಂದೆ. ಅವನ ಬೆರಳು ಹಿಡಿದು ನೆಲದ ಧೂಳಿನಲ್ಲಿ ತಿದ್ದಿಸಿದೆ. ಹೆಸರು ಪೂರ್ತಿಯಾಯಿತು. ಅವನು ನನ್ನ ಕಾಲು ಮುಟ್ಟಿದ.

ಇದನ್ನು ಕಂಡು ಉಳಿದವರು ಸರಕಾರಿ ಆಟ ಮುಗಿಯಿತೆಂದು ತಿಳಿದರು. ಶಿಷ್ಯರೆಲ್ಲ ಎದ್ದು ತಮ್ಮ ತಮ್ಮ ಕೈಗುರುಗಳನ್ನು ಹುಡುಕುತ್ತ ಓಡಿದರು. ಕ್ಷಣದಲ್ಲಿ ನಾಲ್ಕೂ ಜಮಾತುಗಳು ಕರಗಿ, ಪಡಸಾಲೆಯ ತುಂಬ ದೊಡ್ಡವರ ಕಿವಿಗಳು ಚಿಕ್ಕವರ ಕೈಯಲ್ಲಿದ್ದವು. ಶೆಟ್ಟರು ಒಂದು ಚೀಲದ ಮೇಲೆ ಕುಳಿತು ಕಣ್ಣು ಮುಚ್ಚಿದರು.

"ಈ ಛೋಟಾ ಯಾರು?" ಸಾಹೇಬರು ನನ್ನತ್ತ ಬೆರಳು ತೋರಿದರು.

ಅಯ್ಯನೋರಿಗೆ ಈಗ ಉಸಿರು ಸರಾಗವಾಯಿತು. ಸತ್ಯ ಹೇಳುವ ಸಂದರ್ಭ ಬಂದರೆ ಅವರು ಕಾಗದದ ಚಾಪೆ. "ಅಂವಾ ಇವನ ಗುರು ಹುಜೂರ್. ನಾವು ವಯಸ್ಸ ನೋಡಲ್ರಿ. ಓದು ಬಂದವ ಮ್ಯಾಲ, ಬರದವ ತಳಗ. ನಿಮಗ ತೋರ್ಸಲಾಕ ಎತ್ತರ ನೋಡಿ ಕೂಡ್ಸಿದ್ವಿ. ತಪ್ಪಾಯ್ತು" ಎಂದು ಮೂರು ಚಾಪೆಗಳನ್ನೂ ವಿವರಿಸಿದರು.

ಸಾಹೇಬರು ಎಲ್ಲವನ್ನೂ ಆಲಿಸಿ ಕೇಳಿದರು: "ಕನ್ನಡ ನನಗ ಸಮಜ್ತದ, ಬರೀಲಾಕ ಬರಲ್ಲ. ಹಾಂಗಾದ್ರ ನಾ ಯಾ ಚಾಪಿ ಅಯ್ಯನೋರೆ?"

ಚೀಲದ ಮೇಲಿದ್ದ ಶೆಟ್ಟರು ಕಣ್ಣು ತೆರೆದು ಅಯ್ಯನೋರಿಗೆ ಏನೇನೋ ಸನ್ನೆ ಮಾಡಿದರು. ಅಯ್ಯನೋರು ಆ ಕಡೆ ನೋಡಲಿಲ್ಲ.

"ಉಸುಕು, ಹುಜೂರ್."

ಬೀದಿಯಲ್ಲಿ ಟಾಂಗಾದ ಕುದುರೆ ಮೂಗು ಸೀಟಿದ್ದು ಕೇಳಿಸಿತು. ಸಾಹೇಬರು ಜೋಡು ಬಿಚ್ಚಿದರು. ಶೇರ್ವಾನಿಯ ತುದಿ ಎತ್ತಿಕೊಂಡು ಉಸುಕಿನ ಚಾಪೆಯ ಮೇಲೆ, ಸಂಗಪ್ಪನ ಜಾಗದ ಪಕ್ಕದಲ್ಲಿ ಕುಳಿತು, ಅಕೀಕಿನ ಉಂಗುರದ ಕೈ ಚಾಚಿ ನನ್ನನ್ನು ಕರೆದರು. "ಆವ್, ಉಸ್ತಾದ್."

ನಾನು ಅವರ ಬೆರಳು ಹಿಡಿದು 'ಅ' ತಿದ್ದಿಸಿದೆ. ಮೆತ್ತನೆಯ, ಅತ್ತರಿನ ವಾಸನೆಯ ಬೆರಳು. ಎರಡನೆಯ ಸಲ ಅವರೇ ಬರೆದರು, ತಪ್ಪಿಲ್ಲದೆ. ಹೀಗಾಗಿ ಕಿವಿಯ ಪ್ರಸಂಗ ಬರಲಿಲ್ಲ. ಬಂದಿದ್ದರೆ ನಾನು ಹಿಂಡುತ್ತಿದ್ದೆನೆಂಬುದರಲ್ಲಿ ಅನುಮಾನವಿಲ್ಲ. ಪದ್ಧತಿಯೆಂದರೆ ಪದ್ಧತಿ.

ಆಮೇಲೆ ಶೆಟ್ಟರ ಮನೆಯಿಂದ ಚಹಾ ಬಂತು. ಸಾಹೇಬರು ಬಸಿತಟ್ಟೆಗೆ ಸುರಿದು ಊದುತ್ತ ಯೋಚಿಸಿದರು.

"ಅಯ್ಯನೋರೆ, ಹುಕುಂ ಹುಕುಮೇ. ಉಮರ್ ಪ್ರಕಾರ ಜಮಾತ್ ಬೇಕಂದ್ರ ಬೇಕು. ಇವರ್ದು ಉಮರ್ ಯಾರಿಗೂ ಮಾಲೂಮಿಲ್ಲ ಅಂತೀರಿ?"

"ತಾಯಿಗೋಳಿಗೇ ಮಾಲೂಮಿಲ್ರಿ."

"ಹಾಂಗಾದ್ರ ನಾನೇ ಹೇಳ್ತೇನಿ. ಉಸುಕಿನ ಚಾಪಿ ಮ್ಯಾಲ ಕೂತವರು ಎಲ್ಲಾ ಆರ್ ವರ್ಷದವರು. ಪಾಟಿಯವರು ಎಂಟು. ಕಾಗದದವರು ಹತ್ತು. ಈಗ ಆಯ್ತೋ ಇಲ್ಲೋ ಉಮರ್ ಪ್ರಕಾರ?"

ಅಯ್ಯನೋರು ಕೈ ಮುಗಿದರು. ದೇವರ ಖಾತೆಯೂ ಈಗ ತಮ್ಮ ಕೈಗೇ ಬಂತೆಂದು ಅವರಿಗೆ ಹೊಳೆದಿತ್ತೋ ಇಲ್ಲವೋ. ಟಾಂಗಾ ಹತ್ತುವ ಮುನ್ನ ಸಾಹೇಬರು ಸಂಗಪ್ಪನ ಮೀಸೆಯನ್ನು ಇನ್ನೊಮ್ಮೆ ನೋಡಿ, "ಆರ್ ವರ್ಷಕ್ಕ ಛಲೋ ಬೆಳೆದೀ" ಎಂದರು. ಕೆಲವು ವಾರಗಳ ಮೇಲೆ ಇಜಾಜತ್ ಬಂತು.

ನಾನು ಆ ಸಂಜೆಯೇ ಅವ್ವನಿಗೆ ಹೊಸ ಹುಕುಮನ್ನು ತಿಳಿಸಿ, ಸರಕಾರದ ಪ್ರಕಾರ ಈಗ ನಾನು ಅಣ್ಣನಿಗಿಂತ ಎರಡು ವರ್ಷ ದೊಡ್ಡವನೆಂದೂ, ರೊಟ್ಟಿ ವಯಸ್ಸಿನ ಮೇಲೆಂದು ಆಕೆಯೇ ಹೇಳಿದ್ದಾಳೆಂದೂ ವಾದಿಸಿದೆ. "ಹೌದೇನೋ? ಹಾಂಗಾದ್ರ ದೊಡ್ಡವ ಹೋಗಿ ಬಾವಿ ನೀರ ತಾ" ಎಂದಳು. ಅಂದಿನಿಂದ ಹಿರಿತನದ ಆಸೆ ಬಿಟ್ಟೆ.

ಇನ್ನು ಉಳಿದದ್ದು ಸಂಗಪ್ಪ. ಅವನ ಬಾಯಿ ಸುಮ್ಮನಿದ್ದರೆ ಕಣ್ಣು ಕೆಲಸ ಮಾಡೀತೆಂದು ನನಗೆ ತೋಚಿತು. ಒಂದು ತೊಗರಿ ಕಡ್ಡಿ ಮುರಿದು ಅವನ ಹಲ್ಲುಗಳ ನಡುವೆ ಅಡ್ಡ ಇಟ್ಟೆ. "ಇದನ್ನ ಕಚ್ಚಿ ಹಿಡಿ. ಬೀಳಬಾರದು." ಕಡ್ಡಿ ಕಚ್ಚಿದವನಿಗೆ ರಾಗ ಹಾಕಲು ಬರುವುದಿಲ್ಲ. ಲಗಾಮು ಹಾಕಿದ ಕುದುರೆಯಂತೆ ಅವನು ಮೊದಲ ಬಾರಿ ತಲೆ ತಗ್ಗಿಸಿ ಉಸುಕನ್ನು ನೋಡಿದ. ಅಕ್ಷರಗಳು ತಮ್ಮಷ್ಟಕ್ಕೆ ತಾವೇ ಅಲ್ಲಿದ್ದುದನ್ನು ಕಂಡು ಅವನಿಗೆ ಆಶ್ಚರ್ಯವಾದಂತೆ ತೋರಿತು. ಯುಗಾದಿಗೆ ಅವನಿಗೆ ಎಂಟು ವರ್ಷ ತುಂಬಿತು. ಕಾರಹುಣ್ಣಿಮೆ ಕಳೆದ ಮೇಲೆ ಹತ್ತು.

ಶ್ರಾವಣದ ಮೊದಲ ಸಂಜೆ ಅಯ್ಯನೋರು ನನ್ನನ್ನು ಬಂಡಿಯಲ್ಲಿ ಔರಾದಕ್ಕೆ ಕರೆದೊಯ್ದರು. ಕಟ್ಟೆಯ ಸುತ್ತ ಊರು ನೆರೆದಿತ್ತು, ನಗಲು ಸಿದ್ಧವಾಗಿ. ಕಣ್ಣಿಲ್ಲದ ದೊಡ್ಡಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ಸಂಗಪ್ಪ ತೊಗರಿ ಕಡ್ಡಿ ಕಚ್ಚಿಕೊಂಡೇ ಬಂದ. ನನ್ನನ್ನು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡ. ಪುಸ್ತಕ ಬಿಚ್ಚಿದ ಮೇಲೆ ಕಡ್ಡಿಯನ್ನು ಬಾಯಿಂದ ತೆಗೆದು, ಒರೆಸಿ, ನನ್ನ ಕೈಯಲ್ಲಿಟ್ಟ.

"ಇಟ್ಟಕೋರಿ ಗುರುಗಳೇ. ಬೇಕಾದ್ರ ಕೇಳ್ತೇನಿ."

ಓದತೊಡಗಿದ. ಮೊದಲು ಎಡವುತ್ತ, ಆಮೇಲೆ ನಿಧಾನವಾಗಿ, ಆಮೇಲೆ ಆ ಊರು ಕೇಳಿ ಬಲ್ಲ ಅದೇ ರಾಗದಲ್ಲಿ. ಕಂಠಪಾಠವಿರಬೇಕೆಂದು ಯಾರೋ ಗೊಣಗಿದರು. ದೊಡ್ಡಪ್ಪ ಕೈಯೆತ್ತಿ ತಡೆದ: "ಅಲ್ಲೋ. ನಾ ದಿನಾ ಹಾರಿಸಿ ಬಿಡತಿದ್ದ ಸಾಲೂ ಓದ್ಲತ್ತಾನ." ನಾನು ಕಡ್ಡಿ ಹಿಡಿದು ಸಿದ್ಧನಾಗಿ ಕುಳಿತೇ ಇದ್ದೆ. ಸಂಗಪ್ಪ ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

ಶ್ರಾವಣ ಮುಗಿಯುವವರೆಗೂ ಅವನೇ ಓದಿದ. ಬೀದರದಿಂದ ಯಾರನ್ನೂ ಕರೆಸಲಿಲ್ಲ. ಸರಕಾರಿ ಲೆಕ್ಕದಲ್ಲಿ ಅವನಿಗೆ ಆಗ ಹತ್ತು ವರ್ಷ.